ಸಿಂಥ್‌ಗೆ ದುಡ್ಡು ಹಾಕೋ ಮುಂಚೆ
ಮನೆಯಲ್ಲೇ ಮ್ಯೂಸಿಕ್ ಮಾಡುವವರು ಸಾಫ್ಟ್‌ವೇರ್ ಸಿಂಥ್‌ಗೆ (ಕಂಪ್ಯೂಟರಲ್ಲೇ ವಾದ್ಯದ ಸದ್ದು ಹುಟ್ಟಿಸೋ ಪ್ರೋಗ್ರಾಂ) ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ವೈಟಲ್ ಅನ್ನೋ ಸಿಂಥ್‌ನ ಉಚಿತ ಆವೃತ್ತಿ ಹಾಕಿಕೊಳ್ಳಿ. ಅದರಲ್ಲಿ ಮುಖ್ಯವಾಗಿ ಪ್ರೀಸೆಟ್ (ಸಿದ್ಧ ಸದ್ದುಗಳು), ವೇವ್‌ಟೇಬಲ್ (ಸದ್ದಿನ ಮೂಲ ಅಲೆಗಳ ಗುಚ್ಛ) ಕಮ್ಮಿ ಅಷ್ಟೇ. ಎಲ್‌ಎಫ್‌ಒ (ಗುಂಡಿಯನ್ನು ತಾನೇ ನಿಧಾನಕ್ಕೆ ಅಲ್ಲಾಡಿಸೋ ಅಲೆ) ಎಳೆದು ಫಿಲ್ಟರ್ ಕಟಾಫ್ (ಸದ್ದಿನ ಮೊನಚು ಎಲ್ಲಿಂದ ಕತ್ತರಿಸಬೇಕು ಅನ್ನೋ ಗುಂಡಿ) ಮೇಲೆ ಬಿಟ್ಟರೆ ಸದ್ದು ತೂಗತೊಡಗುತ್ತದೆ, ಗುಂಡಿ ಅಲ್ಲಾಡುವುದೂ ಕಣ್ಣಿಗೇ ಕಾಣುತ್ತದೆ. ಕಲಿಯೋಕೆ ಇನ್ನೇನು ಬೇಕು?

ಲ್ಯಾಪ್‌ಟಾಪ್ ಹಳೇದಾದರೆ ಯೂನಿಸನ್ (ಒಂದೇ ಸ್ವರಕ್ಕೆ ಒಟ್ಟಿಗೆ ಮೊಳಗುವ ಪ್ರತಿಗಳ ಸಂಖ್ಯೆ) 2 ಅಥವಾ 3ಕ್ಕೆ ಇಳಿಸಿ. ನಾನೊಮ್ಮೆ 16ಕ್ಕೆ ಏರಿಸಿ ಕಾರ್ಡ್ (ಒಟ್ಟಿಗೆ ಕೆಲವು ಸ್ವರ) ಒತ್ತಿದೆ, ಲ್ಯಾಪ್‌ಟಾಪ್‌ಗೆ ತಡೆಯೋಕಾಗದೆ ಬರೀ ಪಟಪಟ ಸದ್ದು!

ಸರ್ಜ್ ಎಕ್ಸ್‌ಟಿ ಅನ್ನೋ ಇನ್ನೊಂದು ಸಿಂಥ್ ಪೂರ್ತಿ ಉಚಿತ. ಸ್ಕಾಲಾ ಫೈಲ್ (ಸ್ವರಗಳ ಅಂತರ ಬರೆದಿಟ್ಟ ಫೈಲ್) ಹಾಕಿ ಪಿಯಾನೋ ಟ್ಯೂನಿಂಗ್ ಬಿಟ್ಟು ಬೇರೆ ಶ್ರುತಿ ಕೂರಿಸಬಹುದು, ರಾಗ ನುಡಿಸುವವರಿಗೆ ಇದು ಜಾಸ್ತಿ ಉಪಯೋಗ. 1983ರ ಯಮಾಹಾ ಡಿಎಕ್ಸ್ 7 ಕೀಬೋರ್ಡ್‌ ಸಿಂಥ್‌ನ ಗಂಟೆಯಂಥ ಸದ್ದು ಬೇಕಾ? ಅದನ್ನೇ ಅನುಕರಿಸೋ ಡೆಕ್ಸೆಡ್ ಇದೆ, ಅದೂ ಬಿಟ್ಟಿ.

ಇವುಗಳಲ್ಲಿ ಎರಡು ಹಾಡು ಮುಗಿಸಿದ ಮೇಲೂ ಸಾಲದು ಅನ್ನಿಸಿದರೆ ಕೊಳ್ಳಿ. ಅದನ್ನೂ ಡೆಮೊ ನೋಡಿ, ನವೆಂಬರ್ ಕೊನೆಯ ಸೇಲ್‌ವರೆಗೆ ಕಾದು.