ಪಿಸ್ತೂಲಿನ ಸೂಚಕ ‘ಖಾಲಿ’ ಎಂದರೆ ನಂಬಬಹುದೇ? ಪರೀಕ್ಷಿಸುವುದು ಹೀಗೆ

ಚುನಾವಣೆ ನೀತಿ ಸಂಹಿತೆ ಜಾರಿಯಾಯಿತೆಂದರೆ ಮೈಸೂರು, ಮಂಡ್ಯ ಜಿಲ್ಲೆಗಳ ಪರವಾನಗಿದಾರರು ಆಯುಧ ಠೇವಣಿ ಇಡಲು ಠಾಣೆಗೆ ಹೋಗಬೇಕಾಗುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿದ್ದ .32 ಪಿಸ್ತೂಲು ಆಗ ಹೊರಗೆ ಬರುತ್ತದೆ. ‘ಲೋಡ್ ಆಗಿಲ್ಲ, ನೋಡಿ, ಪಿನ್ನೇ ಹೊರಗೆ ಬಂದಿಲ್ಲ’ ಎಂದು ಮೇಜಿನ ಮೇಲಿಟ್ಟುಬಿಡುವುದು ಸುಲಭ. ಚೇಂಬರಿನಲ್ಲಿ (ಬ್ಯಾರೆಲ್ಲಿನ ಹಿಂತುದಿಯಲ್ಲಿ ತೋಟೆ ಕೂರುವ ಗೂಡು) ತೋಟೆ ಇದೆಯೋ ಇಲ್ಲವೋ ಎಂದು ತೋರಿಸಬೇಕಾದ ಆ ಪುಟ್ಟ ಸೂಚಕ ಯಾವಾಗ ತಪ್ಪು ಹೇಳುತ್ತದೆ, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಇದೇನೂ ಹೊಸ ಏರ್ಪಾಡಲ್ಲ. ಜರ್ಮನಿಯ 1908ರ ಲ್ಯೂಗರ್ ಪಿಸ್ತೂಲಿನಲ್ಲಿ ತೋಟೆ ಒಳಗಿದ್ದರೆ ಎಕ್ಸ್‌ಟ್ರಾಕ್ಟರ್ (ತೋಟೆಯ ಅಂಚು ಹಿಡಿದು ಹೊರಗೆಳೆಯುವ ಕೊಕ್ಕೆ) ಮೇಲೆದ್ದು, ಅದರ ಪಕ್ಕದಲ್ಲಿ ಕೆತ್ತಿದ ‘ಗೆಲಾಡೆನ್’ (ತುಂಬಿದೆ) ಎಂಬ ಪದ ಕಾಣುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, 2007ರಿಂದ ತನ್ನ ಅನುಮೋದಿತ ಪಟ್ಟಿಗೆ ಹೊಸದಾಗಿ ಸೇರುವ ಸೆಂಟರ್‌ಫೈರ್ (ತೋಟೆಯ ತಳದ ನಡುವೆ ಸಿಡಿಮದ್ದಿರುವ) ಪಿಸ್ತೂಲುಗಳಿಗೆ ಇಂಥ ಸೂಚಕವನ್ನು ಕಡ್ಡಾಯ ಮಾಡಿತು.

ಸೂಚಕ ನೋಡುವುದು ಗುಂಡನ್ನಲ್ಲ

ಯಾವ ಸೂಚಕಕ್ಕೂ ಗುಂಡು ಗೊತ್ತಾಗುವುದಿಲ್ಲ. ಅದಕ್ಕೆ ತಾಗುವುದು ತೋಟೆಯ ಹಿಂತುದಿಯ ಲೋಹ ಮಾತ್ರ. ಹಾರಿಸಿಯಾದ ಖಾಲಿ ಕೋಶವಿರಲಿ, ಅಭ್ಯಾಸದ ಡಮ್ಮಿ ಇರಲಿ, ಜೀವಂತ ತೋಟೆ ಇರಲಿ, ಸಂಕೇತ ಒಂದೇ.

ಚಾಲ್ತಿಯಲ್ಲಿರುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ಎಕ್ಸ್‌ಟ್ರಾಕ್ಟರನ್ನೇ ಸೂಚಕ ಮಾಡಿಕೊಂಡದ್ದು: ತೋಟೆಯ ಅಂಚನ್ನು ಕೊಕ್ಕೆ ಹಿಡಿದಾಗ ಅದು ಸ್ಲೈಡಿನ (ಪಿಸ್ತೂಲಿನ ಹಿಂದೆ ಮುಂದೆ ಜಾರುವ ಮೇಲ್ಭಾಗ) ಪಕ್ಕದಿಂದ ಕೂದಲೆಳೆಯಷ್ಟು ಉಬ್ಬುತ್ತದೆ. ಬೆರೆಟ್ಟಾ 92, ಈಚಿನ ಗ್ಲಾಕ್‌ಗಳು ಈ ಜಾತಿ. ಎರಡನೆಯದು ಬೇರೆಯೇ ಆದ ಪಿನ್ ಅಥವಾ ಲಿವರ್. ನಮ್ಮಲ್ಲಿ ಕೆಲವರ ಬಳಿ ಇರುವ ಹಳೆಯ ವಾಲ್ಥರ್ ಪಿಪಿ, ಪಿಪಿಕೆಗಳಲ್ಲಿ ಹ್ಯಾಮರಿನ ಮೇಲ್ಗಡೆ ಹೊರಗೆ ಇಣುಕುವುದು ಈ ಪಿನ್ನೇ. ರೂಗರ್ ಎಸ್‌ಆರ್9ರಲ್ಲಿ ಸ್ಲೈಡಿನ ನೆತ್ತಿಯ ಮೇಲೆ ಏಳುವ ಲಿವರ್ ಇದೆ. ಮೂರನೆಯದು ಬ್ಯಾರೆಲ್ಲಿನ ಹಿಂತುದಿಯಲ್ಲಿ ಕೊರೆದ ಇಣುಕುಕಿಂಡಿ, ಅದರೊಳಗೆ ಹಿತ್ತಾಳೆ ಹೊಳೆಯುತ್ತದೆಯೇ ಎಂದು ನೋಡುವುದು.

ಸ್ಲೈಡಿನ ಹಿಂಬದಿಯಲ್ಲಿ ಕಾಣುವ ಕೆಂಪು ಚುಕ್ಕೆ ಅಥವಾ ಮೊಳೆ ತುದಿ ಇವುಗಳಲ್ಲಿ ಸೇರಿಲ್ಲ. ಅದು ಸ್ಟ್ರೈಕರ್ (ತೋಟೆಯ ತಳಕ್ಕೆ ಬಡಿಯುವ ಮೊಳೆ) ಎಳೆದು ನಿಂತಿದೆ ಎನ್ನುವುದನ್ನಷ್ಟೇ ಹೇಳುತ್ತದೆ. ಚುಕ್ಕೆ ಕಾಣದಿದ್ದರೂ ಚೇಂಬರಿನಲ್ಲಿ ತೋಟೆ ಇರಬಹುದು. ಈ ಗೊಂದಲ ಬಹಳ ಮಂದಿಗಿದೆ.

ಎರಡು ಬಗೆಯ ಸುಳ್ಳು

ಕೊಳೆ, ಜಿಡ್ಡು ಸೇರಿದಾಗ ಸೂಚಕ ಸಾಮಾನ್ಯವಾಗಿ ‘ಇದೆ’ ಎಂದು ಸುಳ್ಳು ಹೇಳುತ್ತದೆ. ಎಕ್ಸ್‌ಟ್ರಾಕ್ಟರಿನ ಅಡಿಯಲ್ಲಿ ಮಸಿ, ಹಿತ್ತಾಳೆ ಚೂರು ಕೂತರೆ ತೋಟೆ ಇಲ್ಲದಿದ್ದರೂ ಅದು ಉಬ್ಬಿಯೇ ಇರುತ್ತದೆ. ಪಿನ್ನನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್ ತೀರಾ ಸಣ್ಣದು, ಗಟ್ಟಿಯಾದ ಎಣ್ಣೆಯೆದುರು ಅದಕ್ಕೆ ಬಲ ಸಾಲದು. ಒಮ್ಮೆ ಹೊರಬಂದ ಪಿನ್ನು ಹೊರಗೇ ಉಳಿಯುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು: ಆಯುಧಕ್ಕೆ ಕೊಬ್ಬರಿ ಎಣ್ಣೆ ಸವರುವುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮೈಸೂರಿನ ಡಿಸೆಂಬರ್, ಜನವರಿಯ ರಾತ್ರಿಗಳು ಅದಕ್ಕಿಂತ ಎಷ್ಟೋ ತಣ್ಣಗಿರುತ್ತವೆ. ಪಿನ್ನಿನ ಸುರಂಗದಲ್ಲಿ ಅದು ಬಿಳಿ ಮೇಣವಾಗಿ ಕೂರುತ್ತದೆ. ಸ್ಲೈಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಟ್ಟರೆ ಅದು ಪೂರ್ತಿ ಮುಚ್ಚದೆ ಒಂದೆರಡು ಮಿ.ಮೀ. ಹಿಂದೆಯೇ ನಿಲ್ಲಲೂಬಹುದು. ವರ್ಷಗಳು ಕಳೆದರೆ ಅದೇ ಎಣ್ಣೆ ಅಂಟಾಗುತ್ತದೆ.

ಸವೆತ, ಮುರಿತಗಳು ಹೇಳಿಸುವುದು ‘ಇಲ್ಲ’ ಎಂಬ ಸುಳ್ಳು. ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಮುರಿದಿದ್ದರೆ ಅಂಚಿಗೆ ಹಿಡಿತವೇ ಸಿಗುವುದಿಲ್ಲ. ಸೂಚಕ ಚಪ್ಪಟೆಯಾಗಿರುತ್ತದೆ, ತೋಟೆ ಒಳಗಿರುತ್ತದೆ. ಸ್ಲೈಡ್ ಎಳೆದರೂ ತೋಟೆ ಹೊರಬರುವುದಿಲ್ಲ, ಏಕೆಂದರೆ ಎಳೆದು ತರಬೇಕಾದದ್ದೂ ಅದೇ ಕೊಕ್ಕೆ. ಅಂದರೆ ಒಂದೇ ಭಾಗ ಮುರಿದು ಎರಡು ಭರವಸೆಗಳು ಒಟ್ಟಿಗೆ ಹೋಗುತ್ತವೆ. ಪಿನ್ನಿನ ತುದಿ ಸವೆದಿದ್ದರೂ, ಬಿಚ್ಚಿ ಜೋಡಿಸುವಾಗ ಪಿನ್ನೇ ಕಳೆದುಹೋಗಿದ್ದರೂ, ಚೇಂಬರ್ ಸವೆದು ತೋಟೆ ಆಳಕ್ಕೆ ಕೂತಿದ್ದರೂ ಫಲ ಇದೇ.

ಜೀವಕ್ಕೆ ಕುತ್ತು ತರುವುದು ಎರಡನೆಯ ಸುಳ್ಳು. ಆದರೆ ಅದಕ್ಕೆ ದಾರಿ ಮಾಡಿಕೊಡುವುದು ಮೊದಲನೆಯದು. ಹತ್ತು ಸಲ ಸುಮ್ಮನೆ ‘ಇದೆ’ ಎಂದ ಪಿನ್ನನ್ನು ಹನ್ನೊಂದನೆಯ ಸಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಲಿವರ್ ಬಗೆಯದರಲ್ಲಿ ಇನ್ನೂ ಒಂದು ತಕರಾರಿದೆ. ಒಳಬರುವ ತೋಟೆಯನ್ನು ಲಿವರ್ ಮೇಲಿನಿಂದ ಒತ್ತುತ್ತದೆ. ಆ ಉಜ್ಜಾಟ ಸಣ್ಣದೇ, ಆದರೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೋತಿರುವ, ಮಸಿ ತುಂಬಿದ ಪಿಸ್ತೂಲಿನಲ್ಲಿ ಸ್ಲೈಡ್ ಪೂರ್ತಿ ಮುಚ್ಚದಿರಲು ಅಷ್ಟು ಸಾಕು. ಕೆ.ಆರ್. ಸಾಗರದ ನಾಲಾ ಬಯಲಿನ ತೇವವಾಗಲಿ, ಮಾರ್ಚ್ ತಿಂಗಳ ಧೂಳಾಗಲಿ, ಒಳನುಗ್ಗಲು ಸ್ಲೈಡಿನ ಮೇಲೆ ಒಂದು ಬಾಗಿಲು ತೆರೆದಂತೆಯೂ ಆಗುತ್ತದೆ. .22 ರಿಮ್‌ಫೈರ್‌ನಲ್ಲಂತೂ ಸಿಡಿಮದ್ದು ಇರುವುದೇ ಅಂಚಿನಲ್ಲಿ. ಅಂಚಿಗೆ ತಾಗುವ ಭಾಗವನ್ನು ಅಲ್ಲಿ ಇಡುವುದೇ ಅನುಮಾನದ ಕೆಲಸ. ರೂಗರ್ ಮಾರ್ಕ್ 3ರಲ್ಲಿ ಇದ್ದ ಸೂಚಕ 2016ರ ಮಾರ್ಕ್ 4ರಲ್ಲಿ ಇಲ್ಲ.

ಕಿಂಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಹಾಗಾಗಿ ಕೆಡುವುದೂ ಕಡಿಮೆ. ಮೂರರಲ್ಲಿ ಒಳ್ಳೆಯದು ಅದೇ. ಕತ್ತಲಲ್ಲಿ ಮಾತ್ರ ಪ್ರಯೋಜನವಿಲ್ಲ, ಮಸಿ ಮುಚ್ಚಿದರೂ ಇಲ್ಲ.

ಮೊದಲು ಖಾಲಿ ಮಾಡಿ

1. ಮೂತಿ ಎತ್ತ ಇರಬೇಕೆಂದು ಮೊದಲು ನಿರ್ಧರಿಸಿ. ರೆಡ್ ಆಕ್ಸೈಡ್, ಗ್ರಾನೈಟ್ ನೆಲದಿಂದ ಗುಂಡು ಚಿಮ್ಮುತ್ತದೆ. ಜರಡಿ ಹಿಡಿದ ಒಣ ಎಂ-ಸ್ಯಾಂಡ್ ಅನ್ನು ದೊಡ್ಡ ಬಕೆಟ್ಟಿಗೆ ಒಂದಡಿಗಿಂತ ಹೆಚ್ಚು ಆಳಕ್ಕೆ ತುಂಬಿ, ಮೂತಿಯನ್ನು ಅದರ ನಡುವಿಗೆ ಗುರಿಯಿಡಿ. ಬೆರಳು ಟ್ರಿಗರಿನ ಹೊರಗಿರಲಿ.

2. ಮ್ಯಾಗಜೀನನ್ನು ಮೊದಲು ತೆಗೆಯಿರಿ. ಈ ಕ್ರಮ ತಿರುಗಿಮುರುಗಿ ಆದರೆ ಸ್ಲೈಡ್ ಎಳೆದಾಗ ಒಂದು ತೋಟೆ ಹೊರಬೀಳುತ್ತದೆ, ಮ್ಯಾಗಜೀನಿನಿಂದ ಇನ್ನೊಂದು ಒಳಹೋಗುತ್ತದೆ. ಹೊರಬಿದ್ದದ್ದನ್ನು ನೋಡಿದವರು ಖಾಲಿಯಾಯಿತೆಂದು ನಂಬಿಬಿಡುತ್ತಾರೆ.

3. ಸ್ಲೈಡನ್ನು ಮೂರು ಸಲ ಪೂರ್ತಿ ಹಿಂದಕ್ಕೆ ಎಳೆಯಿರಿ. ಹೊರಬೀಳುವ ತೋಟೆಯನ್ನು ಅಂಗೈಯಲ್ಲಿ ಹಿಡಿಯಲು ಹೋಗಬೇಡಿ, ಬೀಳಲಿ.

4. ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ, ಟಾರ್ಚ್ ಬಿಟ್ಟು ಚೇಂಬರ್ ನೋಡಿ. ಆಮೇಲೆ ಕಿರುಬೆರಳ ತುದಿಯನ್ನು ಚೇಂಬರಿಗೂ ಮ್ಯಾಗಜೀನಿನ ಗೂಡಿಗೂ ಇಟ್ಟು ಮುಟ್ಟಿ ನೋಡಿ. ಖಾಲಿ ಚೇಂಬರಿನಲ್ಲಿ ಬೆರಳಿಗೆ ದುಂಡನೆಯ ತೂತು ಸಿಗುತ್ತದೆ, ತೋಟೆ ಇದ್ದರೆ ಚಪ್ಪಟೆ ಲೋಹ. ಕೊಕ್ಕೆ ಮುರಿದಿರುವುದು ಪತ್ತೆಯಾಗುವುದು ಈ ಹೆಜ್ಜೆಯಲ್ಲೇ.

ಜೀವಂತ ತೋಟೆಗಳನ್ನು ಬೇರೆ ಕೋಣೆಗೆ ಒಯ್ದು ಬೀಗ ಹಾಕಿದ ಮೇಲಷ್ಟೇ ಮುಂದಿನ ಕೆಲಸ.

ಸೂಚಕದ ಪರೀಕ್ಷೆ

ಪರವಾನಗಿ ಇರುವ ಬಂದೂಕು ಅಂಗಡಿಯಿಂದ ನಿಮ್ಮ ಬೋರಿನ ಪ್ಲಾಸ್ಟಿಕ್ ಸ್ನ್ಯಾಪ್ ಕ್ಯಾಪ್‌ಗಳನ್ನು (ಮದ್ದಿಲ್ಲದ ಡಮ್ಮಿ ತೋಟೆಗಳು) ತನ್ನಿ. ಜೀವಂತ ತೋಟೆಯ ಮದ್ದು ತೆಗೆದು ಮನೆಯಲ್ಲೇ ಡಮ್ಮಿ ಮಾಡುವ ಸಾಹಸ ಬೇಡ. ಅದರ ತಳದ ಪ್ರೈಮರ್ (ಸಿಡಿಮದ್ದು) ಹಾಗೆಯೇ ಜೀವಂತವಾಗಿರುತ್ತದೆ.

ಸ್ನ್ಯಾಪ್ ಕ್ಯಾಪನ್ನು ಮ್ಯಾಗಜೀನಿಗೇ ತುಂಬಿ, ಅಲ್ಲಿಂದಲೇ ಚೇಂಬರಿಗೆ ಹೋಗಲಿ. ನೇರವಾಗಿ ಚೇಂಬರಿಗೆ ಹಾಕಿ ಸ್ಲೈಡ್ ಬಿಟ್ಟರೆ ಕೊಕ್ಕೆ ಅಂಚಿನ ಮೇಲೆ ಹಾರಿ ಕೂರಬೇಕಾಗುತ್ತದೆ, ಕೆಲವು ವಿನ್ಯಾಸಗಳಲ್ಲಿ ಅದು ಮುರಿಯುವುದೇ ಹಾಗೆ. ಸ್ಲೈಡ್ ಮುಚ್ಚಿದ ಮೇಲೆ ಸೂಚಕವನ್ನು ನೋಡಿ, ಕಣ್ಣು ಮುಚ್ಚಿ ಬೆರಳಿನಿಂದ ಮುಟ್ಟಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಉಬ್ಬನ್ನು ಅಳೆದು ಬರೆದಿಡಿ. ಸ್ನ್ಯಾಪ್ ಕ್ಯಾಪ್ ಹೊರತೆಗೆದು, ಸೂಚಕ ಪೂರ್ತಿ ಒಳಕ್ಕೆ ಹೋಯಿತೇ ನೋಡಿ. ಹೀಗೆ ಹತ್ತು ಸಲ. ಮೂತಿ ಕೆಳಗಿಟ್ಟು ಐದು, ಸಮತಲದಲ್ಲಿ ಐದು ಮಾಡಿದರೆ ಸ್ಪ್ರಿಂಗ್ ಸೋತಿದ್ದೂ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಅಂಚು ಬೇಗ ಜಜ್ಜಿಹೋಗುತ್ತದೆ, ಜಜ್ಜಿದ್ದರಿಂದ ಅಳತೆ ಮಾಡಬೇಡಿ.

ಅನುಮತಿ ಇರುವ ರೇಂಜಿನಲ್ಲಿ ಅಭ್ಯಾಸ ಮಾಡುವವರು, ಗುಂಡು ಹಾರಿಸಿದ ಮೇಲೆ ಶುಚಿಗೊಳಿಸುವ ಮೊದಲೇ ಆಯುಧವನ್ನು ಖಾಲಿ ಮಾಡಿ ಇದನ್ನು ಇನ್ನೊಮ್ಮೆ ಮಾಡಿ ನೋಡಿ. ಶುಚಿಯಾದ ಪಿಸ್ತೂಲಿನಲ್ಲಿ ಎಲ್ಲ ಸೂಚಕಗಳೂ ಸತ್ಯವಂತರೇ.

ಸ್ನ್ಯಾಪ್ ಕ್ಯಾಪ್ ತೆಗೆದ ಮೇಲೂ ಸೂಚಕ ಹೊರಗೇ ಉಳಿದರೆ ಶುಚಿ ಮಾಡಿದರೆ ಸಾಕಾಗಬಹುದು. ಸ್ನ್ಯಾಪ್ ಕ್ಯಾಪ್ ಒಳಗಿರುವಾಗ ಒಂದೇ ಒಂದು ಸಲ ‘ಖಾಲಿ’ ಎಂದು ತೋರಿಸಿದರೂ ಪಿಸ್ತೂಲನ್ನು ಬಳಸುವುದು ನಿಲ್ಲಿಸಿ.

ಶುಚಿ ಮತ್ತು ರಿಪೇರಿ

ಕೊಕ್ಕೆಯ ಅಡಿಯ ಮಸಿ ತೆಗೆಯಲು ಚೂಪು ಮಾಡಿದ ಬಿದಿರುಕಡ್ಡಿ, ನೈಲಾನ್ ಬ್ರಷ್ ಸಾಕು. ಸೂಜಿ, ಗರಗಸದ ಬ್ಲೇಡ್ ಬೇಡ. ಒರೆಸಿ ಒಣಗಿಸಿದ ಮೇಲೆ ತೆಳುವಾದ ಖನಿಜ ಎಣ್ಣೆ, ಹೊಲಿಗೆ ಯಂತ್ರದ್ದಾದರೂ ಸರಿ, ಒಂದೇ ಹನಿಯನ್ನು ಕಡ್ಡಿಯ ತುದಿಯಿಂದ ಮುಟ್ಟಿಸಿ. ಪಿನ್ನಿನ ಸುರಂಗಕ್ಕೆ ಎಣ್ಣೆ ಸುರಿಯಬೇಡಿ. ಕೆಂಪು ಬಣ್ಣದ ಗುರುತಿದ್ದರೆ ಥಿನ್ನರ್ ತಾಗಿಸಬೇಡಿ, ಬಣ್ಣ ಕರಗುತ್ತದೆ.

ಕಿರಿಕಿರಿ ಮಾಡುತ್ತದೆಂದು ಪಿನ್, ಲಿವರ್ ಕಿತ್ತುಹಾಕುವವರಿದ್ದಾರೆ. ಖಾಲಿಯಾದ ರಂಧ್ರದ ಮೂಲಕ ಮಸಿ ಒಳಸೇರುತ್ತದೆ. ತೋಟೆಯ ಕೋಶ ಒಡೆದರೆ ಬಿಸಿ ಅನಿಲ ಹಿಂದಕ್ಕೆ ಬರಲು ಅದೇ ದಾರಿ. ಮುರಿದ ಭಾಗ ಬದಲಿಸುವ ಕೆಲಸವನ್ನು ರಿಪೇರಿ ಪರವಾನಗಿ ಇರುವ ಅಂಗಡಿಗೇ ಒಪ್ಪಿಸಿ. 1959ರ ಆಯುಧ ಕಾಯ್ದೆಯ ಪ್ರಕಾರ ಬೇರೆಯವರ ಆಯುಧ ರಿಪೇರಿ ಮಾಡುವವರಿಗೆ ಅದಕ್ಕೆಂದೇ ಪರವಾನಗಿ ಇರಬೇಕು. ಪರವಾನಗಿ ಪುಸ್ತಕ ಜೊತೆಗೊಯ್ದು, ಬಿಟ್ಟುಬಂದದ್ದಕ್ಕೆ ರಸೀದಿ ಪಡೆಯಿರಿ.

ಠಾಣೆಗೆ ಒಯ್ಯುವಾಗ ಮ್ಯಾಗಜೀನ್ ಬೇರೆ, ತೋಟೆಗಳು ಎಣಿಸಿದ ಡಬ್ಬಿಯಲ್ಲಿ ಬೇರೆ. ಪಿಸ್ತೂಲನ್ನು ಸ್ಲೈಡ್ ಹಿಂದಕ್ಕೆ ನಿಲ್ಲಿಸಿಯೇ ಕೈಗೆ ಕೊಡಿ. ತೆಗೆದುಕೊಳ್ಳುವವರು ಸೂಚಕ ನೋಡದೆ ಚೇಂಬರಿಗೇ ಟಾರ್ಚ್ ಬಿಟ್ಟರೆ ಅದನ್ನು ಅವಮಾನ ಎಂದುಕೊಳ್ಳಬೇಡಿ.