‘ಇನ್ ಯೂಟೆರೊ’ ಆಲ್ಬಮ್ಮನ್ನು ಕೇಳಿ ಅರಿಯುವ ಬಗೆ

ಒಂದು ರಾಕ್ ತಂಡದ ಆಲ್ಬಮ್ ಹೇಗೆ ತಯಾರಾಯಿತು, ಜನ ಅದನ್ನು ಹೇಗೆ ಬರಮಾಡಿಕೊಂಡರು ಎಂದು ತಿಳಿಯಬಯಸುವವರು ಸಾಮಾನ್ಯವಾಗಿ ಅದರ ಬಗ್ಗೆ ಬರೆದದ್ದನ್ನು ಮೊದಲು ಓದುತ್ತಾರೆ, ಹಾಡನ್ನು ಆಮೇಲೆ ಕೇಳುತ್ತಾರೆ. ಈ ಕ್ರಮವನ್ನು ತಿರುಗಿಸಿ, ಕಿವಿಯಿಂದ ಆರಂಭಿಸಬೇಕೆಂಬುದು ನನ್ನ ಸಲಹೆ. ಅಮೆರಿಕದ ನಿರ್ವಾಣ ತಂಡ 1993ರಲ್ಲಿ ಹೊರತಂದ ‘ಇನ್ ಯೂಟೆರೊ’ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಏಕೆಂದರೆ ಅದರ ಸುತ್ತ ಎದ್ದ ಜಗಳದ ಬಹುಪಾಲು ಅದರ ಸದ್ದಿನ ಬಗ್ಗೆಯೇ ಇತ್ತು, ಮತ್ತು ಎರಡೂ ಪಕ್ಷಗಳ ಸಾಕ್ಷ್ಯವನ್ನು ಇಂದು ನಾವೇ ಕೇಳಿ ತೂಗಬಹುದು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಳ್ಳೆಯ ಹೆಡ್‌ಫೋನ್, ತಂಡದ ಹಿಂದಿನ ಆಲ್ಬಮ್ ‘ನೆವರ್‌ಮೈಂಡ್’, ‘ಇನ್ ಯೂಟೆರೊ’ದ ಮೂಲ ಆವೃತ್ತಿ ಮತ್ತು 2013ರಲ್ಲಿ ಬಂದ ಇಪ್ಪತ್ತನೆಯ ವರ್ಷದ ಆವೃತ್ತಿ ಇದ್ದರೆ ಸಾಕು. ಫೋನಿನ ಸ್ಪೀಕರಿನಲ್ಲಿ ಮಾತ್ರ ಈ ಕೆಲಸ ಆಗದು. ನಾವು ಹುಡುಕುವ ವಿವರಗಳೆಲ್ಲ ಅದರಲ್ಲಿ ಅಳಿಸಿಹೋಗುತ್ತವೆ.

ಮೊದಲಿಗೆ ‘ನೆವರ್‌ಮೈಂಡ್’ನ ಯಾವುದಾದರೂ ಎರಡು ಹಾಡುಗಳನ್ನು ಕೇಳಿ. 1991ರ ಈ ಆಲ್ಬಮ್ಮನ್ನು ಬುಚ್ ವಿಗ್ ನಿರ್ಮಿಸಿದರು, ಆಂಡಿ ವಾಲೇಸ್ ಮಿಕ್ಸ್ ಮಾಡಿದರು, ಅಂದರೆ ಬೇರೆಬೇರೆಯಾಗಿ ಮುದ್ರಿಸಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದರು. ಒಂದರ ಮೇಲೊಂದು ಪೇರಿಸಿದ ಗಿಟಾರು, ಇಮ್ಮಡಿಸಿದ ದನಿ, ಅಂಚುಗಳನ್ನೆಲ್ಲ ಉಜ್ಜಿ ನಯಗೊಳಿಸಿದ ಡ್ರಮ್ಸ್ ಇದರ ಗುರುತು. 1992ರ ಜನವರಿಯಲ್ಲಿ ಇದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಷ್ಟು ನಯವಾದದ್ದು ತಮಗೆ ಒಗ್ಗಲಿಲ್ಲವೆಂದು ಹಾಡುಗಾರ ಕರ್ಟ್ ಕೊಬೈನ್ ಅನಂತರ ಹೇಳಿಕೊಂಡರು. ಆ ಅಸಮಾಧಾನವನ್ನು ಮನಸ್ಸಿನಲ್ಲಿಟ್ಟುಕೊಂಡು, ಒಡನೆಯೇ ‘ಇನ್ ಯೂಟೆರೊ’ದ ಎರಡನೆಯ ಹಾಡಾದ ‘ಸೆಂಟ್‌ಲೆಸ್ ಅಪ್ರೆಂಟಿಸ್’ ಹಾಕಿ.

ಇದರ ಮೊದಲ ಕೆಲವು ಸೆಕೆಂಡುಗಳಲ್ಲಿ ಡೇವ್ ಗ್ರೋಲ್ ಅವರ ಡ್ರಮ್ಸ್ ಬಿಟ್ಟರೆ ಬೇರೇನೂ ಇಲ್ಲ. ಅಷ್ಟು ಭಾಗವನ್ನೇ ಹತ್ತು ಬಾರಿ ಕೇಳಿ. ಪ್ರತಿ ಪೆಟ್ಟಿನ ಬೆನ್ನಿಗೇ ಗೋಡೆಗೆ ಬಡಿದು ಮರಳುವ ಸದ್ದೊಂದಿದೆ. ಕೋಣೆ ಎಷ್ಟು ದೊಡ್ಡದಿರಬಹುದೆಂದು ಅದರಿಂದ ಊಹಿಸಬಹುದು. ರಾಮನವಮಿಯ ಚಪ್ಪರದಲ್ಲಿ ಧ್ವನಿವರ್ಧಕದಿಂದ ಬರುವ ಮೃದಂಗಕ್ಕೂ, ಮನೆಯ ಹಜಾರದಲ್ಲಿ ನಾಲ್ಕಡಿ ದೂರ ಕೂತು ಕೇಳುವ ಮೃದಂಗಕ್ಕೂ ಇರುವ ಅಂತರ ಬಲ್ಲವರಿಗೆ ಇದು ತಟ್ಟನೆ ಹಿಡಿಸುತ್ತದೆ. ಧ್ವನಿಮುದ್ರಣ ಮಾಡಿದ ಸ್ಟೀವ್ ಅಲ್ಬಿನಿ ಡ್ರಮ್ಸ್ ಸುತ್ತಲೂ ಮೂವತ್ತರ ಆಸುಪಾಸಿನಷ್ಟು ಮೈಕುಗಳನ್ನಿಟ್ಟಿದ್ದರು. ವಾದ್ಯ ಕೋಣೆಯಲ್ಲಿ ಹೇಗೆ ಕೇಳಿಸುತ್ತದೋ ಹಾಗೆಯೇ ಟೇಪಿಗೆ ಇಳಿಯಬೇಕೆಂಬುದು ಅವರ ನಿಲುವಾಗಿತ್ತು. ತಮ್ಮನ್ನು ನಿರ್ಮಾಪಕ ಎನ್ನುವುದೂ ಅವರಿಗೆ ಇಷ್ಟವಿರಲಿಲ್ಲ.

ಇಷ್ಟು ಕೇಳಿಸಿಕೊಂಡ ಮೇಲೆ ಮುದ್ರಣದ ವಿವರಗಳನ್ನು ಓದಿದರೆ ಅವು ಬರಿಯ ಮಾಹಿತಿಯಾಗಿ ಉಳಿಯುವುದಿಲ್ಲ. 1993ರ ಫೆಬ್ರುವರಿಯಲ್ಲಿ ಮಿನೆಸೋಟಾದ ಕ್ಯಾನನ್ ಫಾಲ್ಸ್ ಬಳಿಯ ಪ್ಯಾಕಿಡರ್ಮ್ ಸ್ಟುಡಿಯೊವನ್ನು ತಂಡ ಬೇರೆ ಹೆಸರಿನಲ್ಲಿ ಕಾಯ್ದಿರಿಸಿತ್ತು. ಕೆಲಸ ಎರಡು ವಾರಗಳಲ್ಲಿ ಮುಗಿಯಿತು. ಹಾಡುಗಾರಿಕೆಯ ಬಹುಪಾಲನ್ನು ಕೊಬೈನ್ ಒಂದೇ ದಿನ, ಸುಮಾರು ಆರು ತಾಸುಗಳಲ್ಲಿ ಮುಗಿಸಿದರು. ಅಲ್ಬಿನಿ 1,00,000 ಡಾಲರ್ ಸಂಭಾವನೆ ಪಡೆದು ರಾಯಲ್ಟಿಯನ್ನು ನಿರಾಕರಿಸಿದರು. ನಲ್ಲಿ ರಿಪೇರಿಯವರಿಗೆ ಕೊಡುವಂತೆ ತಮಗೂ ಕೆಲಸಕ್ಕೆ ತಕ್ಕ ಕೂಲಿ ಕೊಟ್ಟರೆ ಸಾಕೆಂದು ಅವರು ತಂಡಕ್ಕೆ ಪತ್ರ ಬರೆದಿದ್ದರು. ಕೋಟ್ಯಂತರ ರೂಪಾಯಿ ಬೆಲೆಯ ಹಕ್ಕನ್ನು ಬೇಡವೆನ್ನುವ ಈ ನೇರ ನಡೆಯನ್ನು ನಾನು ಬಹಳವಾಗಿ ಗೌರವಿಸುತ್ತೇನೆ.

ಮುಂದಿನ ಹಂತ ಈ ಅಭ್ಯಾಸದ ತಿರುಳು. ಟೇಪುಗಳು ಆಲ್ಬಮ್ ಹೊರತರುವ ಕಂಪನಿಗೆ ತಲುಪಿದಾಗ ಅಲ್ಲಿನವರು ಮೆಚ್ಚಲಿಲ್ಲ. ಅದನ್ನು ಅಲ್ಬಿನಿ ಪತ್ರಿಕೆಗೆ ಹೇಳಿದರು, ಸುದ್ದಿ ಬೆಳೆಯಿತು, ಕಂಪನಿ ಒತ್ತಡ ಹೇರುತ್ತಿದೆ ಎಂಬ ‘ನ್ಯೂಸ್‌ವೀಕ್’ ವರದಿಯನ್ನು ತಂಡವು ಅಲ್ಲಗಳೆದು ‘ಬಿಲ್‌ಬೋರ್ಡ್’ನಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟಿತು. ಆದರೆ ದನಿ ಮತ್ತು ಬೇಸ್ ಸಾಕಷ್ಟು ಕೇಳಿಸುತ್ತಿಲ್ಲವೆಂಬ ಅನುಮಾನ ತಂಡದವರಿಗೂ ಇತ್ತು. ಕೊನೆಗೆ ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಹಾಡುಗಳನ್ನು ಸಿಯಾಟಲ್‌ನಲ್ಲಿ ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದರು. ಈ ಎರಡಕ್ಕೂ ಅಲ್ಬಿನಿ ಮಾಡಿದ್ದ ಮೊದಲ ಮಿಕ್ಸ್ 2013ರ ಆವೃತ್ತಿಯಲ್ಲಿದೆ. ಅದೇ ಆವೃತ್ತಿಯಲ್ಲಿ ಇಡೀ ಆಲ್ಬಮ್ಮಿನ ಹೊಸ ಮಿಕ್ಸ್ ಕೂಡ ಇರುವುದರಿಂದ, 1993ರದ್ದೆಂದು ನಮೂದಿಸಿದ್ದನ್ನೇ ನೋಡಿ ಆರಿಸಿಕೊಳ್ಳಿ.

‘ಹಾರ್ಟ್-ಶೇಪ್ಡ್ ಬಾಕ್ಸ್’ನ ಎರಡು ರೂಪಗಳನ್ನು ಒಂದರ ಹಿಂದೊಂದು ಕೇಳುವಾಗ ಗಿಟಾರ್ ಸೋಲೋ ಬರುವಲ್ಲಿ ಗಮನವಿಡಿ. ಅಲ್ಬಿನಿ ಮಿಕ್ಸ್‌ನಲ್ಲಿ ಸೋಲೋಗೆ ನಡುಗುವ, ಸುಳಿಸುತ್ತುವ ಒಂದು ಎಫೆಕ್ಟ್ ಹಾಕಿದೆ. ಬೇಸ್ ನುಡಿಸುವ ಕ್ರಿಸ್ಟ್ ನೊವೊಸೆಲಿಚ್ ಅದನ್ನು ಬಲವಾಗಿ ವಿರೋಧಿಸಿದ್ದರು. ಲಿಟ್ ಮಿಕ್ಸ್‌ನಲ್ಲಿ ಅದಿಲ್ಲ. ಬದಲಿಗೆ ಕೊಬೈನ್ ಹೊಸದಾಗಿ ಸೇರಿಸಿದ ಅಕೂಸ್ಟಿಕ್ ಗಿಟಾರೂ ಹಿನ್ನೆಲೆಯ ದನಿಯೂ ಇವೆ. ಕಚ್ಚಾತನವೇ ಪ್ರಾಮಾಣಿಕ, ನಯವೆಲ್ಲ ಕಂಪನಿಯ ಒತ್ತಾಯ ಎಂಬ ಸುಲಭದ ತೀರ್ಪು ಇಲ್ಲಿ ನಿಲ್ಲುವುದಿಲ್ಲ. ಈ ಹಾಡಿನ ಮಟ್ಟಿಗೆ ಬದಲಾದ ಮಿಕ್ಸೇ ಮೇಲೆಂದು ನನಗೆ ಅನಿಸುತ್ತದೆ. ‘ಆಲ್ ಅಪಾಲಜೀಸ್’ನಲ್ಲಿ ಕೆರಾ ಶೇಲಿ ಅವರ ಚೆಲ್ಲೊ ಎರಡು ರೂಪಗಳಲ್ಲಿ ಎಲ್ಲೆಲ್ಲಿ ಕೂತಿದೆ ಎಂಬುದನ್ನು ನೀವೇ ಗುರುತಿಸಿಕೊಂಡು, ನಿಮ್ಮ ತೀರ್ಮಾನವನ್ನು ವಿಮರ್ಶೆ ಓದುವ ಮೊದಲೇ ಬರೆದಿಡಿ.

ಈಗ ವಿಮರ್ಶೆಗಳಿಗೆ ಬನ್ನಿ, ಆದರೆ ದಿನಾಂಕ ನೋಡದೆ ಒಂದನ್ನೂ ಓದಬೇಡಿ. 1993ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಆಲ್ಬಮ್ ಮೊದಲ ವಾರವೇ ಸುಮಾರು 1,80,000 ಪ್ರತಿ ಮಾರಾಟವಾಗಿ ಪಟ್ಟಿಯ ತುದಿಗೇರಿತು. ವಿಮರ್ಶಕರು ಬಹುಮಟ್ಟಿಗೆ ಮೆಚ್ಚಿದರು. ಅವರ ಚರ್ಚೆ ಇದ್ದದ್ದು ಸದ್ದು, ಖ್ಯಾತಿ, ಸಿಟ್ಟುಗಳ ಸುತ್ತ. 1994ರ ಏಪ್ರಿಲ್‌ನಲ್ಲಿ ಕೊಬೈನ್ ತೀರಿಕೊಂಡರು. ಅಲ್ಲಿಂದಾಚೆಗೆ ಬರೆದವರಲ್ಲಿ ಹಲವರು ಅದೇ ಸಾಲುಗಳಲ್ಲಿ ಸಾವಿನ ಮುನ್ಸೂಚನೆ ಹುಡುಕಿದರು. ಅದಕ್ಕೆ ಹಿಂದಿನ ಮತ್ತು ಮುಂದಿನ ಬರಹಗಳನ್ನು ಎರಡು ಕಟ್ಟುಗಳಾಗಿ ಬೇರ್ಪಡಿಸಿ, ಮೊದಲ ಕಟ್ಟನ್ನು ಪೂರ್ತಿ ಮುಗಿಸಿದ ಮೇಲಷ್ಟೇ ಎರಡನೆಯದನ್ನು ತೆರೆಯಿರಿ. ಒಬ್ಬ ಮನುಷ್ಯನ ಕೆಲಸವನ್ನು ಅವನ ಸಾವಿನಿಂದ ಹಿಂದಕ್ಕೆ ಓದುವುದು ಆ ಎರಡು ವಾರಗಳ ದುಡಿಮೆಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಕೊನೆಯದಾಗಿ ‘ಪೆನಿರಾಯಲ್ ಟೀ’. ವಾಲ್‌ಮಾರ್ಟ್ ಮತ್ತು ಕೆಮಾರ್ಟ್ ಮಳಿಗೆಗಳು ಹಿಂಬದಿಯ ಚಿತ್ರ ಮತ್ತು ಬೇರೊಂದು ಹಾಡಿನ ಹೆಸರಿನ ಕಾರಣಕ್ಕೆ ಈ ಆಲ್ಬಮ್ ಮಾರಲು ಒಪ್ಪದಿದ್ದಾಗ, ಅವಕ್ಕಾಗಿಯೇ 1994ರಲ್ಲಿ ತಿದ್ದಿದ ಆವೃತ್ತಿಯೊಂದು ಬಂತು. ‘ಪೆನಿರಾಯಲ್ ಟೀ’ ಹಾಡಿಗೆ ಲಿಟ್ ಮಾಡಿದ ಮಿಕ್ಸ್ ಅದರಲ್ಲಿ ಸೇರಿತ್ತು. ಹಾಡು ಸಿಂಗಲ್ ಆಗಿ, ಅಂದರೆ ಬಿಡಿಯಾಗಿಯೂ ಬರಬೇಕಿತ್ತು, ಕೊಬೈನ್ ಸಾವಿನಿಂದ ಅದು ನಿಂತುಹೋಯಿತು. ಮೂಲ ಆಲ್ಬಮ್ಮಿನ ರೂಪವನ್ನೂ ಲಿಟ್ ಅವರ ಮಿಕ್ಸನ್ನೂ ಅಕ್ಕಪಕ್ಕ ಕೇಳಿ, ಪಲ್ಲವಿಯಲ್ಲಿ ದನಿ ಎಷ್ಟು ಮುಂದೆ ಬಂದಿದೆ ಎಂಬುದನ್ನು ನಿಮ್ಮ ಟಿಪ್ಪಣಿಯಲ್ಲಿ ಸೇರಿಸಿಕೊಳ್ಳಿ.