ಒಂದು ಪಾತ್ರೆ, ಒಂದು ಚೀಲ: ಮನೆಯಲ್ಲೇ ಮಾಲ್ಟ್ ಬಿಯರ್

ಧಾನ್ಯದಿಂದಲೇ ಶುರು ಮಾಡಿ ಬಿಯರ್ ಮಾಡಬೇಕೆಂದರೆ ಮೊದಲು ಮೂರು ದೊಡ್ಡ ಪಾತ್ರೆ ಬೇಕಿತ್ತು. ನೀರು ಕಾಯಿಸಲು ಒಂದು, ಧಾನ್ಯ ನೆನೆಸಲು ಒಂದು, ಕುದಿಸಲು ಇನ್ನೊಂದು. ಅಷ್ಟು ಜಾಗ ಇಲ್ಲದವರು ಡಬ್ಬಿಯಲ್ಲಿ ಸಿಗುವ ಮಾಲ್ಟ್ ಪಾಕಕ್ಕೆ ನೀರು ಬೆರೆಸಿಕೊಳ್ಳುತ್ತಿದ್ದರು. 2000ದ ದಶಕದ ನಡುವಿನಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳು ಈ ಕೆಲಸವನ್ನೆಲ್ಲ ಒಂದೇ ಪಾತ್ರೆಗೆ ಇಳಿಸಿದರು. ಧಾನ್ಯವನ್ನು ಚೀಲದಲ್ಲಿ ಹಾಕಿ ನೆನೆಸುವುದು, ರಸ ಬಿಟ್ಟ ಮೇಲೆ ಚೀಲ ಎತ್ತಿಬಿಡುವುದು, ಅದೇ ಪಾತ್ರೆಯಲ್ಲಿ ಕುದಿಸುವುದು. ಸಣ್ಣ ಅಡುಗೆಮನೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಯ ಬಿಯರ್ ಕೂಡ ಅದರಲ್ಲೇ ಬರುತ್ತದೆ. ಆದ್ದರಿಂದ ಇದು ಮೆಲ್ಬರ್ನ್, ಸಿಡ್ನಿ ಕಡೆ ನೆಲೆಸಿರುವ ಕನ್ನಡಿಗರಿಗಾಗಿ. ಅಲ್ಲಿ ವಯಸ್ಕರು ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಅನುಮತಿ ಇಲ್ಲದೆ ಬಟ್ಟಿ ಇಳಿಸುವಂತೆಯೂ ಇಲ್ಲ.

ಏನೇನು ಬೇಕು

ಮೊದಲ ಸಲಕ್ಕೆ 10 ಲೀಟರ್ ಪೇಲ್ ಏಲ್, ಅಂದರೆ ತಿಳಿ ಬಣ್ಣದ ಒಂದು ಬಗೆಯ ಬಿಯರ್, ಸಾಕು. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ರಾಗಿ ಮಾಲ್ಟ್ ಮಾಡುತ್ತೇವಲ್ಲ, ಬಾರ್ಲಿ ಮಾಲ್ಟ್ ಕೂಡ ಹಾಗೆಯೇ. ಪೇಲ್ ಮಾಲ್ಟ್ 2.1 ಕಿಲೋ, ಬಣ್ಣಕ್ಕೂ ಸ್ವಲ್ಪ ಸಿಹಿಗೂ ಕ್ರಿಸ್ಟಲ್ ಮಾಲ್ಟ್ 200 ಗ್ರಾಂ. ಹೋಮ್‌ಬ್ರೂ ಅಂಗಡಿಯಲ್ಲೇ ಪುಡಿ ಮಾಡಿಸಿ, ಚೀಲದ ವಿಧಾನಕ್ಕೆ ಎಂದು ಹೇಳಿದರೆ ಕೊಂಚ ನುಣ್ಣಗೆ ಮಾಡಿಕೊಡುತ್ತಾರೆ. ಕ್ಯಾಸ್ಕೇಡ್ ತಳಿಯ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) 35 ಗ್ರಾಂ, ಏಲ್‌ಗೆ ಹೊಂದುವ ಒಣ ಯೀಸ್ಟ್ ಒಂದು ಪೊಟ್ಟಣ.

ಪಾತ್ರೆ 22ರಿಂದ 25 ಲೀಟರಿನದು ಇರಲಿ, ಚಿಕ್ಕದಾದರೆ ಕುದಿಯುವಾಗ ಉಕ್ಕುತ್ತದೆ. ಚೀಲಕ್ಕೆ ಕಿಟಕಿ ಪರದೆಗೆ ಬಳಸುವ ತೆಳು ಪಾಲಿಯೆಸ್ಟರ್ ಬಟ್ಟೆ ಚೆನ್ನ. ಪಾತ್ರೆಯ ಒಳಗೆಲ್ಲ ಹರಡಿ ಬಾಯಿಯ ಮೇಲೆ ಮಡಚಿಕೊಳ್ಳುವಷ್ಟು ದೊಡ್ಡದಾಗಿ ಹೊಲಿಸಿ. ಇನ್ನು ಥರ್ಮಾಮೀಟರ್. ಹಣ ಉಳಿಸುವುದಾದರೆ ಬೇರೆ ಎಲ್ಲಾದರೂ ಉಳಿಸಿ, ಇದರಲ್ಲಿ ಮಾತ್ರ ಬೇಡ.

ಆ ಒಂದು ಗಂಟೆ

ಪಾತ್ರೆಗೆ 16 ಲೀಟರ್ ನೀರು ಹಾಕಿ. ಧಾನ್ಯ ಹೀರುವುದು, ಆವಿಯಾಗುವುದು, ತಳದ ಗಸಿಯಲ್ಲಿ ಹೋಗುವುದು ಎಲ್ಲ ಕಳೆದು 10 ಲೀಟರ್ ಉಳಿಯುತ್ತದೆ. 70 ಡಿಗ್ರಿ ಸೆಲ್ಸಿಯಸ್ ಆದಾಗ ಒಲೆ ಆರಿಸಿ. ಚೀಲ ಹರಡಿ, ಮಾಲ್ಟ್ ಸುರಿದು, ಗಂಟು ಉಳಿಯದ ಹಾಗೆ ಕೈಯಾಡಿಸಿ. ಬಿಸಿ 67ರ ಹತ್ತಿರ ಬಂದು ನಿಲ್ಲಬೇಕು.

ಬಿಯರಿನ ರುಚಿ ನಿರ್ಧಾರವಾಗುವುದು ಇಲ್ಲೇ. ಮಾಲ್ಟ್‌ನಲ್ಲಿರುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. 63ರ ಆಸುಪಾಸಿನಲ್ಲಿ ಯೀಸ್ಟ್ ಸುಲಭವಾಗಿ ತಿನ್ನುವ ಸಕ್ಕರೆ ಜಾಸ್ತಿ, ಆಗ ಬಿಯರ್ ತೆಳು. 70ರ ಹತ್ತಿರ ಯೀಸ್ಟ್‌ಗೆ ದಕ್ಕದ ಸಕ್ಕರೆ ಉಳಿದು ಬಿಯರ್ ಮಂದ, ಸಿಹಿ. 67 ಎರಡರ ನಡುವಿನ ಜಾಗ. ಮುಚ್ಚಳ ಹಾಕಿ, ಪಾತ್ರೆಗೆ ಹಳೆಯ ಕಂಬಳಿ ಸುತ್ತಿ, ಒಂದು ಗಂಟೆ ಬಿಡಿ. ಕಂಬಳಿ ಸುತ್ತಿರುವಾಗ ಒಲೆ ಹಚ್ಚಲೇಬೇಡಿ. ಪದೇ ಪದೇ ಮುಚ್ಚಳ ತೆಗೆದು ನೋಡಿದರೂ ಬಿಸಿ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ನೋಡಿ, 64ಕ್ಕಿಂತ ಕೆಳಗೆ ಇಳಿದಿದ್ದರೆ ಕಂಬಳಿ ತೆಗೆದು ಸಣ್ಣ ಉರಿಯಲ್ಲಿ ಕಲಕುತ್ತಾ ಏರಿಸಿ. ಚೀಲ ತಳಕ್ಕೆ ತಾಗಿದರೆ ಕರಗುತ್ತದೆ, ಅಡಿಯಲ್ಲಿ ಒಂದು ಸ್ಟೀಲ್ ಜಾಲರಿ ಇಟ್ಟಿರಿ.

ಗಂಟೆ ಆದ ಮೇಲೆ ಚೀಲ ಎತ್ತಿ ಸೋರಲು ಬಿಡಿ. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ಹಿಂಡಿ. ಹಿಂಡಿದರೆ ಒಗರು ಬರುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಒಗರು ಬರುವುದು ಮುಖ್ಯವಾಗಿ ನೀರು ತೀರಾ ಬಿಸಿಯಾದಾಗ ಮತ್ತು ಅದರ ಹುಳಿ ಅಂಶ ಕಡಿಮೆ ಇದ್ದಾಗ. ಧೈರ್ಯವಾಗಿ ಹಿಂಡಿ.

ಉಳಿದ ರಸಕ್ಕೆ ವರ್ಟ್ ಎನ್ನುತ್ತಾರೆ. ಅದನ್ನು ಮುಚ್ಚಳ ಹಾಕದೆ ಒಂದು ಗಂಟೆ ಕುದಿಸಿ. ಮೊದಲ ಕುದಿಗೆ ನೊರೆ ಒಮ್ಮೆಲೇ ಏರುತ್ತದೆ, ಹತ್ತಿರವೇ ಇರಿ. ನೊರೆ ಇಳಿದ ಕೂಡಲೇ 20 ಗ್ರಾಂ ಹಾಪ್ಸ್, ಇದು ಕಹಿಗೆ. ಕೊನೆಯ 10 ನಿಮಿಷ ಇರುವಾಗ ಉಳಿದ 15 ಗ್ರಾಂ, ಇದು ಪರಿಮಳಕ್ಕೆ.

ತಣಿಸಿ, ಯೀಸ್ಟ್ ಹಾಕಿ

ಒಲೆ ಆರಿದ ಮೇಲೆ ವರ್ಟ್‌ಗೆ ತಾಗುವ ಪ್ರತಿಯೊಂದು ವಸ್ತುವೂ ತೊಳೆದು, ಬಿಯರ್ ಪಾತ್ರೆಗಳಿಗೆಂದೇ ಸಿಗುವ ಸ್ಯಾನಿಟೈಸರ್‌ನಲ್ಲಿ ಅದ್ದಿದ್ದಾಗಿರಬೇಕು. ಇಲ್ಲಿ ಸಡಿಲ ಬಿಟ್ಟರೆ ಇಡೀ ದಿನದ ಕೆಲಸ ಹುಳಿಯಾಗುತ್ತದೆ. ಪಾತ್ರೆಯನ್ನು ಸಿಂಕಿನಲ್ಲಿ ಐಸ್ ನೀರಿಗೆ ಇಟ್ಟು 20 ಡಿಗ್ರಿಗೆ ಇಳಿಸಿ. ಆಸ್ಟ್ರೇಲಿಯಾದಲ್ಲಿ ಹಲವರು ಬಿಸಿ ತಡೆಯುವ ಆಹಾರ ದರ್ಜೆಯ ಪ್ಲಾಸ್ಟಿಕ್ ಕ್ಯಾನಿಗೆ ಬಿಸಿ ವರ್ಟನ್ನೇ ತುಂಬಿ, ಗಾಳಿ ಹೊರಹಾಕಿ ಮುಚ್ಚಿ, ಮರುದಿನ ಯೀಸ್ಟ್ ಹಾಕುತ್ತಾರೆ. ತಣಿಸಲು ಬೇಕಾಗುವ ನೀರು ಇದರಿಂದ ತುಂಬಾ ಉಳಿತಾಯ.

ತಣಿದ ವರ್ಟನ್ನು ಹುದುಗಿಸುವ ಡಬ್ಬಿ, ಅಂದರೆ ಫರ್ಮೆಂಟರ್‌ಗೆ ಎತ್ತರದಿಂದ ಸುರಿಯಿರಿ, ಯೀಸ್ಟ್‌ಗೆ ಶುರುವಿನಲ್ಲಿ ಗಾಳಿ ಬೇಕು. ಹೈಡ್ರೋಮೀಟರ್‌ನಲ್ಲಿ (ದ್ರವದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ) ಸುಮಾರು 1.045 ತೋರಿಸಬೇಕು. ಯೀಸ್ಟ್ ಉದುರಿಸಿ, ಏರ್‌ಲಾಕ್ (ಒಳಗಿನ ಅನಿಲ ಬಿಟ್ಟು ಹೊರಗಾಳಿ ತಡೆಯುವ ಮುಚ್ಚಳ) ಹಾಕಿ, 18ರಿಂದ 20 ಡಿಗ್ರಿ ಇರುವ ಕತ್ತಲೆ ಮೂಲೆಯಲ್ಲಿಡಿ. ಮೆಲ್ಬರ್ನಿನ ಬೇಸಿಗೆಯಲ್ಲಿ ಅಷ್ಟು ತಂಪು ಸುಮ್ನೆ ಸಿಗುವುದಿಲ್ಲ. ನೀರಿನ ಟಬ್‌ನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಐಸ್ ಬಾಟಲಿ ಬದಲಿಸುತ್ತಿರಿ.

ಎರಡು ವಾರ ಹಾಗೇ ಬಿಡಿ. ಗುಳ್ಳೆ ನಿಂತಿತೆಂದು ಬಾಟಲಿ ತುಂಬಬೇಡಿ. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಬೇಕು, 1.010ರ ಆಸುಪಾಸು. ಹುದುಗುವುದು ಬಾಕಿ ಇದ್ದಾಗ ತುಂಬಿದರೆ ಗಾಜಿನ ಬಾಟಲಿ ಸಿಡಿಯುತ್ತದೆ, ಕಣ್ಣಿಗೆ ಅಪಾಯ.

ಬಾಟಲಿಯಲ್ಲಿ ಬಿಯರಿಗೆ ಗುಳ್ಳೆ ಬರಲು 60 ಗ್ರಾಂ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿ, ಇನ್ನೊಂದು ಶುಚಿ ಪಾತ್ರೆಗೆ ಹಾಕಿ. ಅದರ ಮೇಲೆ ಬಿಯರನ್ನು ಪೈಪಿನಿಂದ ನಿಧಾನವಾಗಿ ಇಳಿಸಿ, ಈಗ ಗಾಳಿ ಸೇರಬಾರದು. ಬಿಯರಿಗೆಂದೇ ಮಾಡಿದ ಗಟ್ಟಿ ಬಾಟಲಿಗಳಿಗೆ ತುಂಬಿ ಮುಚ್ಚಿ. ಕೋಣೆಯ ಬಿಸಿಯಲ್ಲಿ ಎರಡು ವಾರ, ಆಮೇಲೆ ಎರಡು ದಿನ ಫ್ರಿಜ್‌ನಲ್ಲಿ ನೇರವಾಗಿ ನಿಲ್ಲಿಸಿ. ಸುರಿಯುವಾಗ ತಳದ ಯೀಸ್ಟ್ ಬಾಟಲಿಯಲ್ಲೇ ಉಳಿಯಲಿ.